ಕಾಂಕ್ರೀಟ್ ಕಟ್ಟಡಗಳ ಫೋಟೋಗೆ ಕಟ್ಟು ಹಾಕಿಸುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧ ಮುಗಿದ ಮೇಲೆ ಸುಮಾರು 30 ವರ್ಷ ಬರಿ ಕಾಂಕ್ರೀಟಿನ ನಗರ ಸಭಾಭವನ, ಲೈಬ್ರರಿ, ಬಸ್ ನಿಲ್ದಾಣ, ನಾಟಕಶಾಲೆಗಳು ಊರೂರಲ್ಲಿ ಎದ್ದವು. ಈ ಶೈಲಿಗೆ ಬ್ರೂಟಲಿಸಂ ಅಂತ ಹೆಸರು. ಈಗ ಅವುಗಳ ಫೋಟೋಗೆ ಫ್ರೇಮ್ ಹಾಕಿಸಿ ಮನೆಯಲ್ಲಿ ತೂಗುಹಾಕುವವರು ಜಾಸ್ತಿಯಾಗಿದ್ದಾರೆ. ನನಗೂ ಆ ಹುಚ್ಚಿದೆ. ಹಾಗಾಗಿ ಬೆಂಗಳೂರಿನಿಂದಲೂ ಬರ್ಮಿಂಗ್‌ಹ್ಯಾಮಿನಿಂದಲೂ ಅವೇ ಪ್ರಶ್ನೆಗಳು ಬರುತ್ತಿರುತ್ತವೆ. ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ನನ್ನ ಇಷ್ಟಾನಿಷ್ಟಗಳೂ ಇದರಲ್ಲಿ ಸೇರಿಕೊಂಡಿವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬ್ರೂಟಲಿಸಂ ಅಂದರೆ ಯಾವ ಥರದ ಕಟ್ಟಡ?

ಗಾರೆ ಮೆತ್ತದ, ಸುಣ್ಣ-ಬಣ್ಣ ಬಳಿಯದ ಕಟ್ಟಡ. ಸೆಂಟ್ರಿಂಗ್ (ಕಾಂಕ್ರೀಟ್ ಎರಕಕ್ಕೆ ಕಟ್ಟುವ ಹಲಗೆ ಅಚ್ಚು) ಬಿಚ್ಚಿದಾಗ ಕಾಂಕ್ರೀಟ್ ಹೇಗೆ ಕಂಡಿತೋ ಹಾಗೇ ಬಿಟ್ಟಿರುತ್ತಾರೆ. ಕಂಬ ಯಾವುದು, ತೊಲೆ ಯಾವುದು, ಮೆಟ್ಟಿಲು ಎಲ್ಲಿದೆ ಅನ್ನುವುದು ಹೊರಗಿನಿಂದಲೇ ಗೊತ್ತಾಗುತ್ತದೆ. ಆರ್ಕಿಟೆಕ್ಟ್ ಲೆ ಕಾರ್ಬೂಸಿಯೆ ಫ್ರಾನ್ಸಿನ ಮಾರ್ಸೇಯಲ್ಲಿ 1947ರಿಂದ 1952ರ ನಡುವೆ ಕಟ್ಟಿದ ದೊಡ್ಡ ವಸತಿ ಕಟ್ಟಡ ಈ ದಾರಿಗೆ ಮೊದಲ ಮೈಲಿಗಲ್ಲು. ಬ್ರಿಟನ್ನಿನಲ್ಲಿ ಆರ್ಕಿಟೆಕ್ಟ್‌ಗಳಾದ ಅಲಿಸನ್ ಮತ್ತು ಪೀಟರ್ ಸ್ಮಿತ್ಸನ್ ದಂಪತಿ ಅದನ್ನು ಕೈಗೆತ್ತಿಕೊಂಡರು. ವಿಮರ್ಶಕ ರೇನರ್ ಬ್ಯಾನಮ್ 1955ರಲ್ಲಿ ಅದರ ಬಗ್ಗೆ ಉದ್ದದ ಪ್ರಬಂಧ ಬರೆದರು. ತಮಾಷೆ ಅಂದರೆ ಸ್ಮಿತ್ಸನ್ ದಂಪತಿಗೆ ಹೆಸರು ತಂದ ಹನ್‌ಸ್ಟಾಂಟನ್ ಶಾಲೆ ಕಾಂಕ್ರೀಟಿನದ್ದಲ್ಲ. ಉಕ್ಕು, ಇಟ್ಟಿಗೆ, ಗಾಜಿನದ್ದು. ಅಂದರೆ ಮುಚ್ಚುಮರೆ ಇಲ್ಲದೆ ಕಟ್ಟುವುದೇ ಮುಖ್ಯ ಆಗಿತ್ತು, ಸಾಮಗ್ರಿ ಆಮೇಲಿನ ಮಾತು.

ಯುದ್ಧ ಮುಗಿದ ಮೇಲೆ ಎಲ್ಲರೂ ಯಾಕೆ ಕಾಂಕ್ರೀಟಿನ ಹಿಂದೆ ಬಿದ್ದರು?

ಬಾಂಬು ಬಿದ್ದು ಊರಿನ ನಡುಭಾಗವೇ ಖಾಲಿಯಾಗಿತ್ತು. ಉಕ್ಕಿಗೆ ಕೊರತೆ, ನುರಿತ ಕೆಲಸಗಾರರಿಗೂ ಕೊರತೆ. ಅದೇ ಹೊತ್ತಿಗೆ ಸರ್ಕಾರಗಳು ಮನೆ, ಶಾಲೆ, ಆಸ್ಪತ್ರೆ, ಲೈಬ್ರರಿ ಎಲ್ಲವನ್ನೂ ನಾವೇ ಕೊಡುತ್ತೇವೆ ಅಂತ ಜನರಿಗೆ ಮಾತು ಕೊಟ್ಟಿದ್ದವು. ಬ್ರಿಟನ್ನಿನಲ್ಲಿ ನಗರಸಭೆಗಳೇ ಆರ್ಕಿಟೆಕ್ಟ್‌ಗಳ ದೊಡ್ಡ ದೊಡ್ಡ ವಿಭಾಗ ಇಟ್ಟುಕೊಂಡಿದ್ದವು. ಲಂಡನ್ನಿನ ಥೇಮ್ಸ್ ದಂಡೆಯ ಕ್ವೀನ್ ಎಲಿಜಬೆತ್ ಹಾಲ್ (1967) ಮತ್ತು ಹೇವರ್ಡ್ ಗ್ಯಾಲರಿ (1968) ಅಂಥ ಸರ್ಕಾರಿ ವಿಭಾಗದಲ್ಲೇ ಹುಟ್ಟಿದವು. ಖಾಸಗಿ ಕಂಪನಿಯ ಜಾಹೀರಾತಿಗೆ ಕಟ್ಟಿದವಲ್ಲ. ಫೋಟೋ ಆರಿಸುವಾಗ ನಾನು ಇದನ್ನು ಮರೆಯುವುದಿಲ್ಲ. ಊರಿನ ದುಡ್ಡಲ್ಲಿ ಊರಿನವರ ಬಳಕೆಗೆ ಕಟ್ಟಿದ್ದು ಅನ್ನುವುದು ಚಿತ್ರದಲ್ಲಿ ಎಲ್ಲಾದರೂ ಕಾಣಬೇಕು.

ಇವು ನೋಡಲು ಚೆನ್ನಾಗಿಲ್ಲವಲ್ಲ! ಗೋಡೆಗೆ ಯಾಕೆ?

ಹತ್ತಿರದಿಂದ ನೋಡಿದ್ದೀರಾ? ಲಂಡನ್ನಿನ ನ್ಯಾಷನಲ್ ಥಿಯೇಟರ್ (1976) ಡೆನಿಸ್ ಲಾಸ್ಡನ್ ಅವರದ್ದು. ಅಲ್ಲಿ ಸೆಂಟ್ರಿಂಗಿಗೆ ಗರಗಸದಲ್ಲಿ ಕೊಯ್ದು ಉಜ್ಜದೆ ಬಿಟ್ಟ ಹಲಗೆ ಬಳಸಿದರು. ಮರದ ಗೆರೆ, ಗಂಟು, ಹಲಗೆ-ಹಲಗೆ ನಡುವಿನ ಸಂದು ಎಲ್ಲವೂ ಕಾಂಕ್ರೀಟಿನ ಮೇಲೆ ಅಚ್ಚಾಗಿ ಉಳಿದಿವೆ. ಲಂಡನ್ನಿನದ್ದೇ ಬಾರ್ಬಿಕನ್ ಬಡಾವಣೆಯಲ್ಲಿ ಆರ್ಕಿಟೆಕ್ಟ್‌ಗಳಾದ ಚೇಂಬರ್ಲಿನ್, ಪೊವೆಲ್ ಮತ್ತು ಬಾನ್ ಪೂರಾ ಬೇರೆ ದಾರಿ ಹಿಡಿದರು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೆಲಸಗಾರರು ಸುತ್ತಿಗೆ ಹಿಡಿದು ಮೇಲ್ಮೈಯನ್ನು ಕುಟ್ಟಿ ಕುಟ್ಟಿ ಒಳಗಿನ ಜಲ್ಲಿ ಕಾಣಿಸುವಂತೆ ಮಾಡಿದರು. ಅಷ್ಟು ದೊಡ್ಡ ಬಡಾವಣೆಯಲ್ಲಿ ಆ ಕೆಲಸ ಎಷ್ಟು ಕೈಗಳನ್ನು ಸವೆಸಿರಬಹುದು, ಯೋಚನೆ ಮಾಡಿ. ಅಗ್ಗದ ಕಟ್ಟಡ ಅನ್ನುವ ಮಾತು ಇಲ್ಲಿಗೆ ಹೊಂದುವುದೇ ಇಲ್ಲ.

ಇಂಥ ಗೋಡೆಯ ಮೇಲೆ ಓರೆ ಬಿಸಿಲು ಬಿದ್ದಾಗ ತೆಗೆದ ಫೋಟೋ ನೋಡಿದರೆ ಬೇಸರ ಬರುವುದಿಲ್ಲ. ಹತ್ತು ಅಡಿ ದೂರದಿಂದ ಕಟ್ಟಡ ಕಾಣುತ್ತದೆ, ಒಂದು ಅಡಿ ಹತ್ತಿರ ಬಂದರೆ ಗಾರೆ ಕೆಲಸದವರ, ಬಡಗಿಗಳ ಕೈಗುರುತು ಕಾಣುತ್ತದೆ. ಗೋಡೆಗೆ ಹಾಕುವ ಚಿತ್ರದಿಂದ ಇನ್ನೇನು ಬೇಕು?

ಇಷ್ಟವಾಗದಿದ್ದರೂ ಪರವಾಗಿಲ್ಲ. ಈಗ ರಾಜರಾಗಿರುವ ಚಾರ್ಲ್ಸ್ ಯುವರಾಜರಾಗಿದ್ದಾಗ ನ್ಯಾಷನಲ್ ಥಿಯೇಟರನ್ನು ಅಣುವಿದ್ಯುತ್ ಸ್ಥಾವರಕ್ಕೆ ಹೋಲಿಸಿ ಆಡಿಕೊಂಡಿದ್ದರು. ಅದು 1994ರಲ್ಲಿ ಸಂರಕ್ಷಿತ ಕಟ್ಟಡದ ಪಟ್ಟಿಗೆ ಸೇರಿತು, ಈಗಲೂ ದಿನಾ ಸಂಜೆ ಅಲ್ಲಿ ಜನ ತುಂಬಿರುತ್ತಾರೆ.

ಮೊದಲ ಸಲ ಕೊಳ್ಳುತ್ತಿದ್ದೇನೆ. ಯಾವ ಕಟ್ಟಡದಿಂದ ಶುರು ಮಾಡಲಿ?

ನನ್ನನ್ನು ಕೇಳಿದರೆ ಪ್ರೆಸ್ಟನ್ ಬಸ್ ನಿಲ್ದಾಣ. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿದೆ. ಬಿಲ್ಡಿಂಗ್ ಡಿಸೈನ್ ಪಾರ್ಟ್‌ನರ್‌ಶಿಪ್‌ನ ಕೀತ್ ಇಂಗಮ್ ಮತ್ತು ಚಾರ್ಲ್ಸ್ ವಿಲ್ಸನ್ ಮಾಡಿದ ವಿನ್ಯಾಸ, 1969ರಲ್ಲಿ ತೆರೆಯಿತು. ಕೆಳಗೆ ಎರಡೂ ಬದಿ ಸೇರಿ 80 ಬಸ್‌ಗಳು ಸಾಲಾಗಿ ನಿಲ್ಲುವ ಜಾಗ, ಮೇಲೆ ಮಹಡಿ ಮಹಡಿಯಾಗಿ ಕಾರು ನಿಲ್ಲಿಸುವ ಜಾಗ. ಪ್ರತಿ ಮಹಡಿಯ ಅಂಚೂ ಕಾವಲಿ ಮೇಲೆ ಬೆಂದ ದೋಸೆ ಅಂಚು ಎದ್ದ ಹಾಗೆ ಮೇಲಕ್ಕೆ ಬಾಗಿದೆ. ಅದರ ಕೆಳಗೆ ಬೀಳುವ ನೆರಳು ಉದ್ದಕ್ಕೂ ಅಲೆಯಲೆಯಾಗಿ ಸಾಗುತ್ತದೆ. ಫೋಟೋಗೆಂದೇ ಕಟ್ಟಿದರೇನೋ ಅನ್ನಿಸುತ್ತದೆ.

ಅದರ ಕಥೆಯೂ ಚೆನ್ನಾಗಿದೆ. 2012ರ ಡಿಸೆಂಬರ್‌ನಲ್ಲಿ ಅಲ್ಲಿನ ನಗರಸಭೆ ಅದನ್ನು ಕೆಡವಲು ತೀರ್ಮಾನಿಸಿತು. ರಿಪೇರಿಗೆ ದುಡ್ಡಿಲ್ಲ ಅನ್ನುವುದು ಕಾರಣ. ಊರಿನವರು, ಹೋದ ಶತಮಾನದ ಕಟ್ಟಡ ಉಳಿಸಲು ದುಡಿಯುವ ಟ್ವೆಂಟಿಯತ್ ಸೆಂಚುರಿ ಸೊಸೈಟಿಯಂಥ ಸಂಘಟನೆಗಳು ಎದ್ದು ನಿಂತವು. 2013ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಸಂರಕ್ಷಿತ ಸ್ಥಾನ ಸಿಕ್ಕಿತು. 2018ರ ಹೊತ್ತಿಗೆ ನವೀಕರಣವಾಗಿ ಮತ್ತೆ ಮೊದಲಿನ ಹೊಳಪು ಬಂತು. ಹಾಗಾಗಿ ಇದರ ಫೋಟೋಗಳಲ್ಲಿ ಮೂರು ಕಾಲ ಸಿಗುತ್ತವೆ: ಹೊಸದಾಗಿದ್ದಾಗ, ಮಾಸಿ ಕಪ್ಪಾಗಿದ್ದಾಗ, ತೊಳೆದು ನಿಲ್ಲಿಸಿದ ಮೇಲೆ. ನನಗೆ ನಡುವಿನ ಕಾಲದ್ದು ಇಷ್ಟ. ಸೋಮವಾರ ಬೆಳಿಗ್ಗೆ ಬಸ್ ಕಾಯುವವರ ಮುಖ ಅದರಲ್ಲಿ ಸಿಗುತ್ತದೆ.

ಅಮೆರಿಕದ ಕಡೆ ಒಲವಿದ್ದರೆ ಬಾಸ್ಟನ್ ಸಿಟಿ ಹಾಲ್. 1962ರ ಸ್ಪರ್ಧೆಗೆ ಬಂದ 256 ವಿನ್ಯಾಸಗಳಲ್ಲಿ ಗೆದ್ದದ್ದು ಕಾಲ್‌ಮನ್, ಮೆಕಿನೆಲ್ ಮತ್ತು ನೋಲ್ಸ್ ಅವರದ್ದು. 1968ರಲ್ಲಿ ಕಟ್ಟಿ ಮುಗಿಯಿತು. ಕೆಳಗೆ ಇಟ್ಟಿಗೆ, ನಡುವೆ ಮೇಯರ್ ಮತ್ತು ಕೌನ್ಸಿಲ್‌ನ ಕೋಣೆಗಳು ದಪ್ಪ ದಪ್ಪ ಪೆಟ್ಟಿಗೆಗಳಾಗಿ ಹೊರಗೆ ಚಾಚಿವೆ, ಮೇಲೆ ಗುಮಾಸ್ತರ ಕಚೇರಿಗಳು ಸಾಲು ಕಿಟಕಿಗಳಲ್ಲಿ. ಯಾರು ಎಲ್ಲಿ ಕೂತಿದ್ದಾರೆ ಅನ್ನುವುದನ್ನು ಬೀದಿಯಲ್ಲಿ ನಿಂತೇ ಓದಬಹುದು. 2006ರಲ್ಲಿ ಅಲ್ಲಿನ ಮೇಯರ್ ಇದನ್ನು ಮಾರಿಬಿಡೋಣ ಅಂದಿದ್ದರು. 2025ರ ಜನವರಿಯಲ್ಲಿ ಅದೇ ನಗರ ಅದನ್ನು ಅಧಿಕೃತ ಲ್ಯಾಂಡ್‌ಮಾರ್ಕ್ ಅಂತ ಘೋಷಿಸಿತು. ಒಂದು ಎಚ್ಚರಿಕೆ: ಬಾಸ್ಟನ್‌ನ ಹೆಚ್ಚಿನ ಪ್ರಿಂಟ್‌ಗಳು ಎದುರಿನ ಮೈದಾನದಿಂದ ಅದೇ ಕೋನದಲ್ಲಿ ತೆಗೆದವು. ಪಕ್ಕದ ಬೀದಿಯಿಂದ ಅಥವಾ ಒಳಗಿನ ಮೆಟ್ಟಿಲ ಸಾಲಿನಿಂದ ತೆಗೆದದ್ದು ಹುಡುಕಿ.

ಕೆಡವಿದ ಕಟ್ಟಡಗಳ ಫೋಟೋ ಸಿಗುತ್ತವಾ? ಬೆಲೆ ಜಾಸ್ತಿನಾ?

ಸಿಗುತ್ತವೆ. ಬೆಲೆ ಕಟ್ಟಡ ಬಿದ್ದಿದ್ದರಿಂದಲೇ ಏರುವುದಿಲ್ಲ. ಯಾರು ತೆಗೆದದ್ದು, ಯಾವಾಗ ಪ್ರಿಂಟ್ ಹಾಕಿದ್ದು, ಎಷ್ಟು ಪ್ರತಿ ಇವೆ ಅನ್ನುವುದರ ಮೇಲೆ ನಿಂತಿದೆ. ಆದರೆ ಬೇಡಿಕೆ ಮಾತ್ರ ಖಂಡಿತ ಏರುತ್ತದೆ.

ಬರ್ಮಿಂಗ್‌ಹ್ಯಾಮ್ ಸೆಂಟ್ರಲ್ ಲೈಬ್ರರಿ ಇದಕ್ಕೆ ಒಳ್ಳೆ ಉದಾಹರಣೆ. ಜಾನ್ ಮ್ಯಾಡಿನ್ ಅವರ ವಿನ್ಯಾಸ, 1974ರಲ್ಲಿ ತೆರೆಯಿತು. ಮೆಟ್ಟಿಲ ಪಿರಮಿಡ್ಡನ್ನು ತಲೆಕೆಳಗು ಮಾಡಿಟ್ಟ ಆಕಾರ. 2013ರಲ್ಲಿ ಮುಚ್ಚಿದರು, 2016ರಲ್ಲಿ ಕೆಡವಿದರು. ಆ ಊರಲ್ಲಿ ಓದಿದ, ಕೆಲಸ ಮಾಡಿದ ಕನ್ನಡಿಗರು ಬೇರೆ ಯಾವುದನ್ನೂ ಕೇಳುವುದಿಲ್ಲ, ಇದನ್ನೇ ಕೇಳುತ್ತಾರೆ. ಆರ್ಕಿಟೆಕ್ಟ್ ಓವನ್ ಲೂಡರ್ ಸಂಸ್ಥೆಯ ಎರಡು ಕಟ್ಟಡಗಳೂ ಹಾಗೇ. ಎರಡರ ವಿನ್ಯಾಸವೂ ರಾಡ್ನಿ ಗಾರ್ಡನ್ ಅವರದ್ದು. ಪೋರ್ಟ್ಸ್‌ಮತ್‌ನ ಟ್ರೈಕಾರ್ನ್ ಸೆಂಟರ್ ಅನ್ನುವ ಅಂಗಡಿ ಸಂಕೀರ್ಣ 1966ರದ್ದು, 2004ರಲ್ಲಿ ಹೋಯಿತು. ಗೇಟ್ಸ್‌ಹೆಡ್‌ನ ಕಾರ್ ಪಾರ್ಕ್ 1971ರ ಒಂದು ಗ್ಯಾಂಗ್‌ಸ್ಟರ್ ಸಿನಿಮಾದಲ್ಲಿ ಬಂದು ಹೆಸರಾಗಿತ್ತು, ಅದು 2010ರಲ್ಲಿ ಹೋಯಿತು.

ಕೆಡವುವಾಗ ತೆಗೆದ ಫೋಟೋಗಳೂ ಮಾರಾಟಕ್ಕಿರುತ್ತವೆ. ಅರ್ಧ ಮುರಿದ ಮಹಡಿ, ನೇತಾಡುವ ಕಂಬಿ. ನಾನು ಅವನ್ನು ಕೊಳ್ಳುವುದಿಲ್ಲ. ಸತ್ತವರ ಫೋಟೋ ಇಡುವುದಾದರೆ ಅವರು ಬದುಕಿದ್ದಾಗಿನದ್ದೇ ಇಡುತ್ತೇವೆ, ಅಲ್ವಾ.

ಕಪ್ಪು-ಬಿಳುಪು ಒಳ್ಳೆಯದೋ, ಬಣ್ಣದ್ದೋ?

ಹತ್ತರಲ್ಲಿ ಒಂಬತ್ತು ಜನ ಯೋಚಿಸದೆ ಕಪ್ಪು-ಬಿಳುಪು ಅನ್ನುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಮಾರ್ಸೇಯ ಕಟ್ಟಡದ ಬಾಲ್ಕನಿಗಳ ಒಳಬದಿಗೆ ಕೆಂಪು, ಹಳದಿ, ನೀಲಿ ಬಣ್ಣವಿದೆ. ಲೆ ಕಾರ್ಬೂಸಿಯೆಯದ್ದೇ ಆದ ಚಂಡೀಗಢದ ಹೈಕೋರ್ಟಿನ ಬಾಗಿಲಲ್ಲಿ ನಿಂತ ಭಾರಿ ಕಂಬಗಳು ಹಸಿರು, ಹಳದಿ, ಕೆಂಪು. ಇಂಗ್ಲೆಂಡಿನ ಶೆಫೀಲ್ಡ್‌ನ ಪಾರ್ಕ್ ಹಿಲ್ ವಸತಿ ಕಟ್ಟಡದಲ್ಲಿ (1961) ಕಾಂಕ್ರೀಟ್ ಚೌಕಟ್ಟಿನ ನಡುವಿನ ಇಟ್ಟಿಗೆಗಳು ಕೆಳಗಿನ ಮಹಡಿಯಿಂದ ಮೇಲಕ್ಕೆ ಹೋದಂತೆ ಗಾಢ ಕೆಂಪಿನಿಂದ ತಿಳಿ ಕೆನೆ ಬಣ್ಣಕ್ಕೆ ತಿರುಗುತ್ತವೆ. ಕಪ್ಪು-ಬಿಳುಪಿನಲ್ಲಿ ಇದೆಲ್ಲ ಬೂದಿ. ಈ ಕಟ್ಟಡಗಳು ಬೂದು ಬಣ್ಣದವು ಅಂತ ಜನ ನಂಬಿರುವುದಕ್ಕೆ ಫೋಟೋಗಳದ್ದೂ ಪಾಲಿದೆ.

ಹಾಗಂತ ಕಪ್ಪು-ಬಿಳುಪು ಬೇಡ ಅಂತಲ್ಲ. ಆ ಕಾಲದಲ್ಲೇ ತೆಗೆದ ಚಿತ್ರವಾದರೆ ಅದೇ ಸರಿ. ಲೆ ಕಾರ್ಬೂಸಿಯೆಯ ಖಾಯಂ ಫೋಟೋಗ್ರಾಫರ್ ಆಗಿದ್ದ ಲೂಸಿಯನ್ ಎರ್ವೆಯವರ ಕೆಲಸ ನೋಡಿ. ಕಟ್ಟಡ ಪೂರ್ತಿ ತೋರಿಸುವ ಗೋಜಿಗೇ ಹೋಗುವುದಿಲ್ಲ. ಒಂದು ಮೂಲೆ, ಒಂದು ಕಡು ನೆರಳು, ಪಕ್ಕದಲ್ಲಿ ಒಬ್ಬ ಮನುಷ್ಯ. ಚಂಡೀಗಢಕ್ಕೂ ಬಂದು ತೆಗೆದಿದ್ದಾರೆ. ಅಲ್ಲಿ ಬಣ್ಣ ಬೇಕು ಅನ್ನಿಸುವುದೇ ಇಲ್ಲ. ಈಗ ತೆಗೆದ ಡಿಜಿಟಲ್ ಚಿತ್ರಕ್ಕೆ ಹಳೇ ಕಾಲದ ಕಳೆ ಬರಲಿ ಅಂತ ಬಣ್ಣ ಕಿತ್ತುಹಾಕಿದ್ದರೆ ಮಾತ್ರ ನನಗೆ ಕಿರಿಕಿರಿ.

ಒಳ್ಳೆಯ ಪ್ರಿಂಟ್ ಅಂತ ಗುರುತಿಸುವುದು ಹೇಗೆ?

ಮೊದಲು ನಿಂತ ಗೆರೆಗಳನ್ನು ನೋಡಿ. ಕೆಳಗೆ ನಿಂತು ಕ್ಯಾಮೆರಾ ಮೇಲೆತ್ತಿದರೆ ಕಟ್ಟಡ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಪಳಗಿದ ಫೋಟೋಗ್ರಾಫರುಗಳು ಲೆನ್ಸನ್ನು ಮಾತ್ರ ಮೇಲೆ ಸರಿಸುವ ದೊಡ್ಡ ಕ್ಯಾಮೆರಾ ಅಥವಾ ಶಿಫ್ಟ್ ಲೆನ್ಸ್ ಬಳಸುತ್ತಾರೆ. ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ಬೇಕೆಂದೇ ಓರೆ ಮಾಡಿದ್ದರೆ ಅದು ಬೇರೆ, ಆದರೆ ಅರೆಬರೆ ಓರೆ ಗೋಡೆ ಮೇಲೆ ದಿನಾ ಕಾಡುತ್ತದೆ.

ಆಮೇಲೆ ನೆರಳಿನ ಒಳಗೆ ನೋಡಿ. ಕಾಂಕ್ರೀಟ್ ಅಂದರೆ ಬೂದಿಯ ನೂರು ಛಾಯೆ. ನೆರಳು ಬರೀ ಮಸಿಯಾಗಿ ಕೂತಿದ್ದರೆ ಆ ಪ್ರಿಂಟ್ ಬೇಡ. ಮೋಡ ಕವಿದ ದಿನದ ಮೆತ್ತನೆ ಬೆಳಕಿನಲ್ಲಿ ಆಕಾರ ಚೆನ್ನಾಗಿ ಕಾಣುತ್ತದೆ, ಬಿಸಿಲಿನಲ್ಲಿ ಮೇಲ್ಮೈ ಚೆನ್ನಾಗಿ ಕಾಣುತ್ತದೆ. ಎರಡರಲ್ಲಿ ನಿಮಗೆ ಬೇಕಾದದ್ದು ಯಾವುದು ಅಂತ ಮೊದಲೇ ಯೋಚಿಸಿ.

ಕೊನೆಗೆ ಜನ. ಮಧ್ಯಾಹ್ನದಲ್ಲೂ ಕಪ್ಪು ಮಾಡಿದ ಆಕಾಶ, ಅದರ ಕೆಳಗೆ ರಾಕ್ಷಸನಂತೆ ನಿಂತ ಕಟ್ಟಡ, ಒಂದು ನರಪಿಳ್ಳೆಯೂ ಇಲ್ಲ: ಈ ಥರದ್ದು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಚೆನ್ನಾಗಿ ಮಾರಾಟವೂ ಆಗುತ್ತದೆ. ಆದರೆ ಅದು ಸುಳ್ಳು. ಲೈಬ್ರರಿಗೆ ಜನ ಬರುತ್ತಾರೆ, ಬಸ್ ನಿಲ್ದಾಣದಲ್ಲಿ ಚೀಲ ಹೊತ್ತವರು ಓಡುತ್ತಾರೆ. ಚಿತ್ರದಲ್ಲಿ ಒಬ್ಬ ಮನುಷ್ಯ ಇದ್ದರೆ ಕಟ್ಟಡದ ಅಳತೆಯೂ ತಿಳಿಯುತ್ತದೆ, ಅದು ಯಾಕಿದೆ ಅನ್ನುವುದೂ ತಿಳಿಯುತ್ತದೆ.

ನಮ್ಮ ದೇಶದಲ್ಲಿ ಇಂಥವು ಇಲ್ಲವಾ?

ಇಲ್ಲದೆ ಏನು! ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ (ಹೈಕೋರ್ಟ್, ವಿಧಾನಸಭೆ, ಸಚಿವಾಲಯ ಇರುವ ಜಾಗ) 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಅಹಮದಾಬಾದ್‌ನಲ್ಲಿ ಬಿ.ವಿ. ದೋಶಿ ಕಟ್ಟಿದ ಟ್ಯಾಗೋರ್ ಹಾಲ್ ಇದೆ. ದೆಹಲಿಯಲ್ಲಿ ಕುಲದೀಪ್ ಸಿಂಗ್ ಮಾಡಿದ ಪಾಲಿಕಾ ಕೇಂದ್ರ ನಗರಸಭೆಯದ್ದೇ ಕಚೇರಿ. ಪ್ರಗತಿ ಮೈದಾನದಲ್ಲಿ 1972ರಲ್ಲಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಕಟ್ಟಿದ ಹಾಲ್ ಆಫ್ ನೇಷನ್ಸ್ ಇತ್ತು. ಬೇರೆ ದೇಶಗಳಲ್ಲಿ ಉಕ್ಕಿನಲ್ಲಿ ಮಾಡುತ್ತಿದ್ದ ಜಾಲರಿ ಚಾವಣಿಯನ್ನು ಇಲ್ಲಿ ಉಕ್ಕು ದುಬಾರಿ ಅಂತ ಕಾಂಕ್ರೀಟಿನಲ್ಲಿ, ಕೂಲಿಯವರ ಕೈಯಲ್ಲಿ ಎರಕ ಹೊಯ್ಯಿಸಿ ನಿಲ್ಲಿಸಿದ್ದರು. 2017ರ ಏಪ್ರಿಲ್‌ನಲ್ಲಿ ಕೆಡವಿಬಿಟ್ಟರು. ಈಗ ಅದನ್ನು ನೋಡಬೇಕೆಂದರೆ ಮದನ್ ಮಹಾಟ್ಟ ಅವರಂಥವರು ಆಗ ತೆಗೆದ ಕಪ್ಪು-ಬಿಳುಪು ಫೋಟೋಗಳೇ ಗತಿ.

ಬೆಂಗಳೂರಿನಲ್ಲಿ ಡಾ. ಅಂಬೇಡ್ಕರ್ ಬೀದಿಯ ವಿಶ್ವೇಶ್ವರಯ್ಯ ಗೋಪುರಗಳಿವೆ. ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸ. ದಿನಾ ಅದರ ಮುಂದೆ ಓಡಾಡುವವರಲ್ಲಿ ತಲೆಯೆತ್ತಿ ನೋಡಿದವರು ಕಮ್ಮಿ. ಒಳ್ಳೆಯ ಫೋಟೋ ಇನ್ನೂ ತೆಗೆಯಬೇಕಾಗಿದೆ. ಕ್ಯಾಮೆರಾ ಇದ್ದವರು ದಯವಿಟ್ಟು ಮನಸ್ಸು ಮಾಡಿ.

ಪ್ರಿಂಟ್‌ನಲ್ಲಿ ವಿಧಗಳು ಯಾವುವು?

ಮೂರು ಗೊತ್ತಿದ್ದರೆ ಸಾಕು. ಡಾರ್ಕ್‌ರೂಮಿನಲ್ಲಿ ಮಾಡಿದ ಸಿಲ್ವರ್ ಜೆಲಾಟಿನ್ ಪ್ರಿಂಟ್: ಕಪ್ಪು-ಬಿಳುಪಿನದ್ದು, ಸರಿಯಾಗಿ ತೊಳೆದಿದ್ದರೆ ಬಹಳ ಕಾಲ ಬಾಳುತ್ತದೆ. ಸಿ-ಟೈಪ್: ಬಣ್ಣದ ಫೋಟೋ ಕಾಗದಕ್ಕೆ ಬೆಳಕು ಬಿಟ್ಟು ಕೆಮಿಕಲ್‌ನಲ್ಲಿ ತೊಳೆದದ್ದು, ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಪಿಗ್ಮೆಂಟ್ ಇಂಕ್‌ಜೆಟ್: ಅಂಗಡಿಯವರು ಜಿಕ್ಲೆ ಅಂತ ಕರೆಯುವುದು ಇದನ್ನೇ. ಹತ್ತಿ ನಾರಿನ ಕಾಗದದ ಮೇಲೆ ಹಾಕಿದರೆ ಕಾಂಕ್ರೀಟಿನ ಒರಟುತನ ಚೆನ್ನಾಗಿ ಬರುತ್ತದೆ. ಹೊಳಪಿನ ಕಾಗದ ಈ ಕಟ್ಟಡಗಳಿಗೆ ಒಪ್ಪುವುದಿಲ್ಲ ಅಂತ ನನ್ನ ಅಭಿಪ್ರಾಯ. ಫ್ಲೆಕ್ಸ್ ಹಾಕುವ ಅಂಗಡಿಯ ಪ್ರಿಂಟ್ ಅಗ್ಗ, ಆದರೆ ಹತ್ತಿರ ಹೋದರೆ ಚುಕ್ಕೆ ಕಾಣುತ್ತದೆ.

ಮೂಲೆಯಲ್ಲಿ 5/25 ಅಂತ ಬರೆದಿದೆ. ಏನದು?

ಒಟ್ಟು 25 ಪ್ರತಿ ಮಾತ್ರ ಹಾಕುತ್ತೇನೆ, ಇದು ಐದನೆಯದು ಅಂತ ಫೋಟೋಗ್ರಾಫರ್ ಕೊಟ್ಟ ಮಾತು. ಅದೇ ಚಿತ್ರ ಬೇರೆ ಅಳತೆಯಲ್ಲಿ ಬೇರೆ ಎಡಿಷನ್ ಆಗಿ ಬರಬಹುದು, ಅದನ್ನು ಕೇಳಿ ತಿಳಿದುಕೊಳ್ಳಿ. ಸಂಖ್ಯೆ ಇಲ್ಲದ್ದು ಓಪನ್ ಎಡಿಷನ್, ಬೇಡಿಕೆ ಇದ್ದಷ್ಟು ಹಾಕುತ್ತಾರೆ. ಮನೆಗೆ ಅಂದಕ್ಕೆ ಬೇಕಾದವರಿಗೆ ಓಪನ್ ಎಡಿಷನ್ ಧಾರಾಳ ಸಾಕು. ಬ್ರಿಟನ್ನಿನ ಆರ್ಕಿಟೆಕ್ಟರ ಸಂಸ್ಥೆಯಾದ ರೀಬಾ ತನ್ನ ಸಂಗ್ರಹದ ಹಳೆಯ ಫೋಟೋಗಳನ್ನು ಪ್ರಿಂಟ್ ಮಾಡಿಸಿ ಮಾರುತ್ತದೆ. ಕಟ್ಟಡ ತೆರೆದ ಹೊಸತರಲ್ಲಿ ಪತ್ರಿಕೆಗಳಿಗೆ ತೆಗೆದ ಚಿತ್ರಗಳು ಅಲ್ಲಿ ರಾಶಿ ಇವೆ.

ನಾನೇ ತೆಗೆದ ಫೋಟೋ ಪ್ರಿಂಟ್ ಹಾಕಿಸಬಹುದಾ? ಎಷ್ಟು ದೊಡ್ಡದು?

24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಸಾಮಾನ್ಯವಾಗಿ 6000×4000 ಪಿಕ್ಸೆಲ್ ಇರುತ್ತದೆ. ಎ3 ಅಳತೆಗೆ (297×420 ಮಿ.ಮೀ.) ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 4961×3508 ಸಾಕು, ಹಾಗಾಗಿ ನೆಮ್ಮದಿಯಾಗಿ ಹಾಕಿಸಿ. ಎ2ಕ್ಕೆ ಇಂಚಿಗೆ ಸುಮಾರು 250 ಸಿಗುತ್ತದೆ, ಅದೂ ಚೆನ್ನಾಗಿಯೇ ಬರುತ್ತದೆ. ಎ1ಕ್ಕೆ 180ರ ಸುಮಾರು. ಸೋಫಾ ಮೇಲಿನ ಗೋಡೆಗೆ ದೂರದಿಂದ ನೋಡಲು ಪರವಾಗಿಲ್ಲ, ಆದರೆ ಮರದ ಗೆರೆ ಎಣಿಸುವ ಆಸೆ ಬಿಡಬೇಕು. ವಾಟ್ಸಾಪ್‌ನಲ್ಲಿ ಬಂದ ಫೋಟೋ ಬೇಡ. ಅದು ಕುಗ್ಗಿ ಬಂದಿರುತ್ತದೆ, ಮೂಲ ಫೈಲ್ ಕೇಳಿ ಪಡೆಯಿರಿ.

ಕಟ್ಟಡದ ಫೋಟೋ ತೆಗೆದು ಮಾರಿದರೆ ಕಾನೂನಿನ ತೊಂದರೆ ಇದೆಯಾ?

ಭಾರತದ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಕಟ್ಟಡದ ಫೋಟೋ ತೆಗೆದು ಪ್ರಕಟಿಸಲು ಬಿಡುತ್ತದೆ. ಬ್ರಿಟನ್ನಿನ 1988ರ ಕಾಯ್ದೆಯ 62ನೇ ಸೆಕ್ಷನ್ ಕೂಡ ಹಾಗೇ. ಫ್ರಾನ್ಸ್ ಮಾತ್ರ ಬಿಗಿ. ಅಲ್ಲಿ ಕಟ್ಟಡದ ವಿನ್ಯಾಸಕ್ಕೂ ಹಕ್ಕಿದೆ, ವಿನ್ಯಾಸಕಾರ ತೀರಿಕೊಂಡ ಮೇಲೆ 70 ವರ್ಷ ನಡೆಯುತ್ತದೆ. ಲೆ ಕಾರ್ಬೂಸಿಯೆ ತೀರಿಕೊಂಡದ್ದು 1965ರಲ್ಲಿ. ಹಾಗಾಗಿ ಮಾರ್ಸೇಯ ಕಟ್ಟಡದ ಫೋಟೋ ಮಾರುವ ಯೋಚನೆ ಇದ್ದರೆ ಮೊದಲು ಅನುಮತಿ ಕೇಳಿ. ಬರೀ ನಿಮ್ಮ ಗೋಡೆಗೆ ಅಂದರೆ ಯಾರೂ ಕೇಳುವುದಿಲ್ಲ.

ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನು ಪ್ರಿಂಟ್ ಹಾಕಿಸಿದರೆ?

ಕಟ್ಟಡದ ಹಕ್ಕು ಬೇರೆ, ಫೋಟೋದ ಹಕ್ಕು ಬೇರೆ. ಭಾರತದಲ್ಲಿ ಈಗ ಫೋಟೋದ ಹಕ್ಕು ತೆಗೆದವರ ಕಾಲಾನಂತರ 60 ವರ್ಷ. ಬ್ರಿಟನ್ನಿನಲ್ಲಿ ತೆಗೆದವರ ಕಾಲಾನಂತರ 70 ವರ್ಷ. ಮುಕ್ತವಾಗಿ ಸಿಗುವವೂ ಇವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕ್ಯಾರಲ್ ಹೈಸ್ಮಿತ್ ತಮ್ಮ ಫೋಟೋಗಳನ್ನು ಹಕ್ಕು ಸಮೇತ ದಾನ ಮಾಡಿದ್ದಾರೆ, ಅಲ್ಲಿನ ಸರ್ಕಾರಿ ಕಟ್ಟಡಗಳು ಅದರಲ್ಲಿ ಸಾಕಷ್ಟಿವೆ. ದೊಡ್ಡ ಫೈಲ್ ಆಗಿಯೇ ಇಳಿಸಿಕೊಳ್ಳಬಹುದು.

ಫ್ರೇಮ್ ಯಾವ ಬಣ್ಣದ್ದು? ಮೌಂಟ್ ಬೇಕಾ?

ಮೌಂಟ್ ಅಂದರೆ ಫೋಟೋದ ಸುತ್ತ ಕೂರಿಸುವ ರಟ್ಟಿನ ಅಂಚು. ಅದು ಬೇಕು. ಅಂದಕ್ಕೂ ಬೇಕು, ಫೋಟೋ ಗಾಜಿಗೆ ತಾಗದಿರಲೂ ಬೇಕು. ತಾಗಿದರೆ ಒಂದು ಮಳೆಗಾಲದಲ್ಲೇ ಗಾಜಿಗೆ ಅಂಟಿಕೊಳ್ಳಬಹುದು, ಬಿಡಿಸಲು ಹೋದರೆ ಚಿತ್ರದ ಮೇಲ್ಪದರವೇ ಕಿತ್ತು ಬರುತ್ತದೆ. ಆಸಿಡ್-ಫ್ರೀ ಬೋರ್ಡ್ ಅಂತ ಕೇಳಿ ಹಾಕಿಸಿ. ಸಾಮಾನ್ಯ ಬೋರ್ಡ್ ಕೆಲವೇ ವರ್ಷದಲ್ಲಿ ಅಂಚಿನಿಂದ ಹಳದಿಯಾಗಿ ಫೋಟೋವನ್ನೂ ಹಾಳು ಮಾಡುತ್ತದೆ. ಬಣ್ಣ: ಕೆನೆ ಬಿಳಿ. ಅಚ್ಚ ಬಿಳಿ ಮೌಂಟ್ ಪಕ್ಕದಲ್ಲಿ ಕಾಂಕ್ರೀಟ್ ಕೊಳೆಯಾದಂತೆ ಕಾಣುತ್ತದೆ.

ಬೀಡಿಂಗ್ (ಫ್ರೇಮಿನ ಪಟ್ಟಿ) ಕಪ್ಪು ಅಂತ ಎಲ್ಲರೂ ಆರಿಸುತ್ತಾರೆ. ತಪ್ಪಿಲ್ಲ. ನಾನು ಮಾತ್ರ ಪಾಲಿಶ್ ಹೊಡೆಯದ ತೇಗ ಹಾಕಿಸುತ್ತೇನೆ. ಸೆಂಟ್ರಿಂಗ್ ಹಲಗೆಯ ಗುರುತು ಇರುವ ಗೋಡೆಯ ಚಿತ್ರಕ್ಕೆ ಮರದ ಚೌಕಟ್ಟು ಹೊಂದುತ್ತದೆ. ಚಿನ್ನದ ಬಣ್ಣದ ಹೂಬಳ್ಳಿ ಬೀಡಿಂಗ್ ತೋರಿಸಿ ಇದು ಗ್ರ್ಯಾಂಡ್ ಆಗಿದೆ ಸಾರ್ ಅಂದರೆ ನಯವಾಗಿ ಬೇಡ ಅನ್ನಿ.

ಒಂದನ್ನು ಮಾತ್ರ ಬಿಡಬೇಡಿ. ಫೋಟೋದ ಹಿಂದೆಲ್ಲ ಗಮ್ ಬಳಿದು ಹಾರ್ಡ್‌ಬೋರ್ಡಿಗೆ ಅಂಟಿಸುವ ಅಭ್ಯಾಸ ಅನೇಕ ಅಂಗಡಿಗಳಲ್ಲಿದೆ. ಬೆಲೆಬಾಳುವ ಪ್ರಿಂಟ್ ಆದರೆ ಖಂಡಿತ ಬೇಡ ಅನ್ನಿ. ಮೇಲಿನ ಅಂಚಿನಲ್ಲಿ ಎರಡು ಕಡೆ ತೆಳು ಜಪಾನೀ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು, ಅಷ್ಟೇ. ಫೋಟೋ ತೂಗಾಡಿಕೊಂಡಿರಬೇಕು, ಕಾಗದ ಹಿಗ್ಗಲು ಕುಗ್ಗಲು ಜಾಗ ಇರಬೇಕು.

ಗಾಜೋ, ಅಕ್ರಿಲಿಕ್ಕೋ?

ಎ2 ತನಕ ಗಾಜು. ಅದಕ್ಕಿಂತ ದೊಡ್ಡದಾದರೆ ಭಾರ ಜಾಸ್ತಿ, ಅಕ್ರಿಲಿಕ್ ಒಳ್ಳೆಯದು. ಆದರೆ ಅಕ್ರಿಲಿಕ್‌ಗೆ ಬೇಗ ಗೀರು ಬೀಳುತ್ತದೆ, ಒಣ ಬಟ್ಟೆಯಲ್ಲಿ ತಿಕ್ಕಿದರೆ ಧೂಳು ಇನ್ನೂ ಹತ್ತುತ್ತದೆ. ಬಣ್ಣದ ಪ್ರಿಂಟ್‌ಗೆ ಬಿಸಿಲಿನ ಯುವಿ (ಅತಿನೇರಳೆ) ಕಿರಣ ತಡೆಯುವ ಗಾಜು ಹಾಕಿಸಿದರೆ ದುಡ್ಡು ದಂಡ ಅಲ್ಲ.

ಮಂಗಳೂರಲ್ಲಿದ್ದೇವೆ, ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಏನು ಮಾಡೋಣ?

ಕರಾವಳಿ, ಮಲೆನಾಡಿನವರ ದೊಡ್ಡ ತಲೆನೋವು ಇದು. ಹೊರಗೋಡೆಗೆ, ಅದರಲ್ಲೂ ಮಳೆ ಬಡಿಯುವ ಪಡುವಣ ಗೋಡೆಗೆ ಹಾಕಬೇಡಿ. ಒಳಗೋಡೆ ಆರಿಸಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಬಟನ್ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಹಿಂದಿನ ಸಂದುಗಳಿಗೆ ಕಾಗದದ ಟೇಪ್ ಸುತ್ತ ಹಚ್ಚಿಸಿ. ಪುಸ್ತಕ ತಿನ್ನುವ ಆ ಬೆಳ್ಳಿ ಬಣ್ಣದ ಹುಳ ಒಳಗೆ ನುಗ್ಗುವುದು ಅಲ್ಲಿಂದಲೇ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬ್ಯಾಕಿಂಗ್ ತೇವ ಕುಡಿದು ಉಬ್ಬುತ್ತದೆ, ಕರಾವಳಿಯಲ್ಲಿ ಅದು ಬೇಡ. ಫ್ರೇಮ್ ಹಾಕಿಸುವ ಕೆಲಸವನ್ನೇ ಬೇಸಿಗೆಯಲ್ಲಿ ಮುಗಿಸಿ. ಆಷಾಢದಲ್ಲಿ ಮುಚ್ಚಿದರೆ ಆಷಾಢದ ತೇವವೂ ಒಳಗೇ ಉಳಿಯುತ್ತದೆ.

ಎಷ್ಟು ಎತ್ತರಕ್ಕೆ ಹಾಕಬೇಕು?

ಚಿತ್ರದ ನಡುಭಾಗ ನೆಲದಿಂದ 57 ಇಂಚು, ಅಂದರೆ ಸುಮಾರು 145 ಸೆಂ.ಮೀ. ಗ್ಯಾಲರಿಗಳಲ್ಲಿ ಬಳಕೆಯಲ್ಲಿರುವ ಲೆಕ್ಕ ಇದು. ನಮ್ಮಲ್ಲಿ ಬಾಗಿಲ ಮೇಲೆ, ಲಿಂಟಲ್ ಎತ್ತರದಲ್ಲಿ ಮೊಳೆ ಹೊಡೆಯುವ ರೂಢಿ. ಅಷ್ಟು ಮೇಲೆ ಹೋದರೆ ಕಾಂಕ್ರೀಟಿನ ಗೆರೆ ಯಾರಿಗೂ ಕಾಣುವುದಿಲ್ಲ.

ವಿದೇಶದಿಂದ ತರಿಸುವುದಾದರೆ?

ಪ್ರಿಂಟ್ ಮಾತ್ರ ತರಿಸಿ, ಫ್ರೇಮ್ ಇಲ್ಲೇ ಹಾಕಿಸಿ. ಗಾಜು ಒಡೆಯುವ ಭಯವಿಲ್ಲ, ಸಾಗಣೆ ಖರ್ಚೂ ಕಮ್ಮಿ. ರಟ್ಟಿನ ಕೊಳವೆಯಲ್ಲಿ ಬಂದದ್ದನ್ನು ಬಂದ ದಿನವೇ ಬಿಚ್ಚಿ, ಸ್ವಚ್ಛ ಕಾಗದದ ನಡುವೆ ಮಲಗಿಸಿ, ಮೇಲೆ ದಪ್ಪ ಪುಸ್ತಕ ಇಡಿ. ಒಂದೆರಡು ದಿನದಲ್ಲಿ ಸುರುಳಿ ಬಿಡುತ್ತದೆ. ಉಲ್ಟಾ ಸುತ್ತಿ ನೆಟ್ಟಗೆ ಮಾಡಲು ಹೋಗಬೇಡಿ, ಮೇಲ್ಮೈ ಬಿರಿಯುತ್ತದೆ.

ಈ ಕಟ್ಟಡಗಳಿಂದ ಜನ ಕಷ್ಟಪಟ್ಟಿದ್ದಾರೆ. ಅದನ್ನು ಅಲಂಕಾರಕ್ಕೆ ಹಾಕುವುದು ಸರಿಯಾ?

ಕೇಳಲೇಬೇಕಾದ ಪ್ರಶ್ನೆ. ಬಾಸ್ಟನ್ ಸಿಟಿ ಹಾಲ್ ಇರುವ ಜಾಗದಲ್ಲಿ ಮೊದಲು ಸ್ಕಾಲೇ ಸ್ಕ್ವೇರ್ ಅನ್ನುವ ಜೀವಂತ ಪೇಟೆ ಇತ್ತು. ಅದನ್ನು ಪೂರ್ತಿ ನೆಲಸಮ ಮಾಡಿ ಆಮೇಲೆ ಕಟ್ಟಿದರು. ಲಂಡನ್ನಿನ ರಾಬಿನ್ ಹುಡ್ ಗಾರ್ಡನ್ಸ್ ಸ್ಮಿತ್ಸನ್ ದಂಪತಿ ಬಡವರಿಗಾಗಿ ಕಟ್ಟಿದ ವಸತಿ, 1972ರದ್ದು. ನಿರ್ವಹಣೆ ಇಲ್ಲದೆ ಸೊರಗಿತು, 2017ರಲ್ಲಿ ಕೆಡವಲು ಶುರು ಮಾಡಿದರು. ಅದರ ಒಂದು ತುಂಡನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎತ್ತಿಟ್ಟುಕೊಂಡು 2018ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನಕ್ಕೂ ಇಟ್ಟಿತು. ಮನೆ ಕಳೆದುಕೊಂಡವರು ಒಂದು ಕಡೆ, ಮನೆಯ ಗೋಡೆ ಮ್ಯೂಸಿಯಮ್ಮಿನಲ್ಲಿ. ಈ ವಿಪರ್ಯಾಸಕ್ಕೆ ನನ್ನ ಬಳಿ ಸಮಾಧಾನ ಇಲ್ಲ.

ಆದರೆ ಸೋರಿದ್ದಕ್ಕೆಲ್ಲ ಕಾಂಕ್ರೀಟನ್ನೇ ಬೈಯುವುದನ್ನು ನಾನು ಒಪ್ಪುವುದಿಲ್ಲ. ಹೆಚ್ಚಿನ ಕಡೆ ಕಟ್ಟಿದವರು ಆಮೇಲೆ ನೋಡಿಕೊಳ್ಳಲಿಲ್ಲ. ಲಿಫ್ಟ್ ಕೆಟ್ಟರೆ ಸರಿಮಾಡಲಿಲ್ಲ, ನೀರು ಹರಿದು ಗೋಡೆ ಕಪ್ಪಾದರೆ ತೊಳೆಯಲಿಲ್ಲ. ಪಾರ್ಕ್ ಹಿಲ್‌ಗೆ ದುಡ್ಡು ಸುರಿದು ಹೊಸದು ಮಾಡಿದಾಗ ಚೆನ್ನಾಯಿತು, ಆದರೆ ಅಷ್ಟರಲ್ಲಿ ಅನೇಕ ಮನೆಗಳು ಖಾಸಗಿ ಮಾರಾಟಕ್ಕೆ ಹೋಗಿದ್ದವು. ನಾನು ಮಾಡುವುದು ಇಷ್ಟೇ: ಫ್ರೇಮಿನ ಹಿಂದೆ ಒಂದು ಚೀಟಿ ಅಂಟಿಸುತ್ತೇನೆ. ಕಟ್ಟಡದ ಹೆಸರು, ಊರು, ಕಟ್ಟಿದವರು, ತೆರೆದ ವರ್ಷ, ಈಗ ಇದೆಯೋ ಇಲ್ಲವೋ, ಮೊದಲು ಆ ಜಾಗದಲ್ಲಿ ಏನಿತ್ತು. ಯಾರಾದರೂ ಕೇಳಿದರೆ ತಿರುಗಿಸಿ ತೋರಿಸಬಹುದು.

ಹಳೆ ಪ್ರಿಂಟ್ ಸಿಕ್ಕಿತು, ಯಾವ ಕಟ್ಟಡ ಅಂತ ಗೊತ್ತಿಲ್ಲ. ಹೇಗೆ ಹುಡುಕಲಿ?

ಮೊದಲು ಹಿಂಬದಿ ನೋಡಿ. ಪತ್ರಿಕೆಗಳ ಸಂಗ್ರಹದಿಂದ ಬಂದದ್ದಾದರೆ ಮೊಹರು, ತಾರೀಕು, ಶೀರ್ಷಿಕೆಯ ಚೀಟಿ ಇರುತ್ತದೆ. ಅದನ್ನು ಕೀಳಬೇಡಿ, ಬೆಲೆಯೆಲ್ಲ ಅಲ್ಲೇ ಇದೆ. ಏನೂ ಇಲ್ಲದಿದ್ದರೆ ಎಸ್‌ಓಎಸ್ ಬ್ರೂಟಲಿಸಂ ಅನ್ನುವ ಆನ್‌ಲೈನ್ ಪಟ್ಟಿ ತೆರೆಯಿರಿ. ಜರ್ಮನಿಯ ಫ್ರಾಂಕ್‌ಫರ್ಟಿನ ವಾಸ್ತುಶಿಲ್ಪ ಮ್ಯೂಸಿಯಂ ಸೇರಿ ಮಾಡಿದ್ದು. ಲೋಕದ ಎಲ್ಲಾ ಮೂಲೆಯ ಕಟ್ಟಡಗಳು ಫೋಟೋ ಸಮೇತ ಇವೆ. ಯಾವುದು ಅಪಾಯದಲ್ಲಿದೆ ಅಂತಲೂ ಗುರುತು ಹಾಕಿದ್ದಾರೆ.

ಫೋಟೋದಲ್ಲಿರುವ ಕಟ್ಟಡಗಳನ್ನು ಒಳಗೆ ಹೋಗಿ ನೋಡಬಹುದಾ?

ಹೆಚ್ಚಿನವನ್ನು ನೋಡಬಹುದು, ಸಾರ್ವಜನಿಕ ಕಟ್ಟಡಗಳಲ್ವಾ. ನ್ಯಾಷನಲ್ ಥಿಯೇಟರಿನ ಮೊಗಸಾಲೆಗೆ ಟಿಕೆಟ್ ಬೇಡ, ಸುಮ್ನೆ ಹೋಗಿ ಕೂರಬಹುದು. ಬಾರ್ಬಿಕನ್‌ನ ಕಲಾಕೇಂದ್ರವೂ ಹಾಗೇ. ಬಾಸ್ಟನ್ ಸಿಟಿ ಹಾಲ್ ಕಚೇರಿ ದಿನಗಳಲ್ಲಿ ತೆರೆದಿರುತ್ತದೆ, ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ. ಪ್ರೆಸ್ಟನ್‌ಗೆ ಬಸ್ಸಿನಲ್ಲೇ ಹೋಗಿ ಇಳಿಯಿರಿ. ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್‌ಗೆ ಗೈಡ್ ಜೊತೆಯೇ ಹೋಗಬೇಕು, ಗುರುತಿನ ಚೀಟಿ ಇಟ್ಟುಕೊಂಡಿರಿ. ಎಲ್ಲೇ ಹೋದರೂ ಟ್ರೈಪಾಡ್ ಬಿಚ್ಚಿದ ಕೂಡಲೇ ಸೆಕ್ಯುರಿಟಿಯವರು ಬರುತ್ತಾರೆ. ಕ್ಯಾಮೆರಾ ಕೈಯಲ್ಲೇ ಹಿಡಿದು ತೆಗೆಯಿರಿ.